ನನ್ನ ವೈರಸ್ ನೋಡಿ, ಯಾರಿಂದ ಯಾರಿಗೆ ಬಂತು ಅಂತ ಹೇಳೋಕಾಗುತ್ತಾ?

ಪ್ರಶ್ನೆ: ಡಾಕ್ಟ್ರೇ, ನನಗೆ 31 ವರ್ಷ. ಆರು ವರ್ಷ ಹೆರಾಯಿನ್ ಚುಚ್ಚಿಕೊಳ್ಳುತ್ತಿದ್ದೆ. ಹದಿನಾಲ್ಕು ತಿಂಗಳಿಂದ ಹೆರಾಯಿನ್ ಬದಲಿಗೆ ಕೊಡುವ ಬ್ಯುಪ್ರೆನಾರ್ಫಿನ್ ಮಾತ್ರೆ ತಗೊಳ್ತಿದ್ದೇನೆ, ಸೂಜಿ ಮುಟ್ಟಿಲ್ಲ. ಕಳೆದ ವರ್ಷ ಎಚ್‌ಐವಿ ಇರುವುದು ಗೊತ್ತಾಯಿತು. ಅದಕ್ಕೆ ಕೊಡುವ ಎಆರ್‌ಟಿ ಮಾತ್ರೆ ಬಿಡದೆ ತಗೊಳ್ತಿದ್ದೇನೆ, ಹೋದ ಸಲ ರಕ್ತದಲ್ಲಿ ಎಷ್ಟು ವೈರಸ್ ಇದೆ ಅಂತ ಅಳೆಯುವ ವೈರಲ್ ಲೋಡ್ ಪರೀಕ್ಷೆಯಲ್ಲಿ ವೈರಸ್ ಸಿಗಲಿಲ್ಲ ಅಂದರು. ಈಗ ಕ್ಲಿನಿಕ್‌ನಲ್ಲಿ, "ಚುಚ್ಚಿಕೊಳ್ಳುವವರಲ್ಲಿ ಯಾವ ತಳಿಯ ಎಚ್‌ಐವಿ ಓಡಾಡುತ್ತಿದೆ ಅಂತ ನೋಡುತ್ತಿದ್ದೇವೆ, ರಕ್ತ ಕೊಡುತ್ತೀರಾ" ಎಂದು ಸಮ್ಮತಿ ಪತ್ರ ಕೊಟ್ಟಿದ್ದಾರೆ. ನಾವು ನಾಲ್ಕು ಜನ ಯಾವಾಗಲೂ ಒಟ್ಟಿಗೇ ಇದ್ದವರು. ಮೂವರಿಗೆ ಪಾಸಿಟಿವ್, ನಾಲ್ಕನೆಯವನು ಪರೀಕ್ಷೆ ಮಾಡಿಸಿ ವರ್ಷದ ಮೇಲಾಯಿತು. ಒಬ್ಬ ಹೇಳುತ್ತಾನೆ, "ಸಹಿ ಹಾಕಬೇಡ, ಯಾರಿಂದ ಯಾರಿಗೆ ಬಂತು ಅಂತ ಕಂಡುಹಿಡಿದು ಪೊಲೀಸರಿಗೆ ಕೊಡುತ್ತಾರೆ" ಅಂತ. ಇನ್ನೊಬ್ಬ, "ನಮ್ಮದೆಲ್ಲ ಒಂದೇ ತಳಿ, ಇನ್ನು ಒಂದೇ ಸಿರಿಂಜ್ ಬಳಸಿದರೆ ಏನು ಮಹಾ" ಅನ್ನುತ್ತಾನೆ. ಅವನಿಗೆ ಗೊತ್ತಾಗಿದ್ದು ನನಗೆ ಗೊತ್ತಾದ ಐದು ತಿಂಗಳ ಮೇಲೆ. ಅವನಿಗೆ ನಾನೇ ಕೊಟ್ಟೆನಾ? ಈ ಪರೀಕ್ಷೆ ಅದನ್ನು ಹೇಳಿಬಿಡುತ್ತಾ?

ಉತ್ತರ: ನಿಮ್ಮ ನಿದ್ದೆ ಕೆಡಿಸಿರುವುದು ಆ ಕೊನೆಯ ಪ್ರಶ್ನೆ ಅಂತ ಕಾಣುತ್ತದೆ. ಅದರಿಂದಲೇ ಶುರು ಮಾಡುತ್ತೇನೆ. ಇಲ್ಲ, ಈ ಪರೀಕ್ಷೆ ಅದನ್ನು ಹೇಳುವುದಿಲ್ಲ. ಹೇಳೋಕೆ ಆಗುವುದೂ ಇಲ್ಲ. ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಎಚ್‌ಐವಿಯ ಇಡೀ ಬರಹ ಸುಮಾರು 9,700 ಅಕ್ಷರಗಳದ್ದು. ಅಕ್ಷರಗಳು ನಾಲ್ಕೇ ಬಗೆ. ವೈರಸ್ ನಮ್ಮ ಜೀವಕೋಶದೊಳಗೆ ಹೊಕ್ಕು ತನ್ನ ನಕಲು ಮಾಡುವಾಗ ತಪ್ಪು ಮಾಡುತ್ತದೆ. ಬರೆದದ್ದನ್ನು ಇನ್ನೊಮ್ಮೆ ಓದಿ ತಿದ್ದುವ ಅಭ್ಯಾಸ ಅದಕ್ಕಿಲ್ಲ. ಚಿಕಿತ್ಸೆ ಇಲ್ಲದ ಒಬ್ಬರ ಮೈಯಲ್ಲಿ ದಿನಕ್ಕೆ ಸುಮಾರು ಸಾವಿರ ಕೋಟಿ ಹೊಸ ವೈರಸ್ ಹುಟ್ಟುತ್ತವೆ. ಹಾಗಾಗಿ ಸ್ವಲ್ಪ ಕಾಲ ಕಳೆದರೆ ಒಬ್ಬರ ವೈರಸ್ಸಿಗೂ ಇನ್ನೊಬ್ಬರ ವೈರಸ್ಸಿಗೂ ವ್ಯತ್ಯಾಸ ಕಾಣುತ್ತದೆ. ಲ್ಯಾಬ್‌ನಲ್ಲಿ ಸಾಮಾನ್ಯವಾಗಿ ಪೂರ್ತಿ ಬರಹ ಓದುವುದಿಲ್ಲ. ಪಾಲ್ ಅನ್ನುವ ಜೀನಿನ ಸಾವಿರ ಚಿಲ್ಲರೆ ಅಕ್ಷರ ಓದುತ್ತಾರೆ. ಯಾವ ಮಾತ್ರೆ ಕೆಲಸ ಮಾಡುತ್ತದೆ ಅಂತ ತಿಳಿಯಲು ಆ ಭಾಗವನ್ನು ಹೇಗೂ ಓದಬೇಕು, ಅದನ್ನೇ ಇದಕ್ಕೂ ಬಳಸುತ್ತಾರೆ. ಸಾವಿರ ಅಕ್ಷರಕ್ಕೆ ಹದಿನೈದಕ್ಕಿಂತ ಕಡಿಮೆ ವ್ಯತ್ಯಾಸವಿದ್ದರೆ ಈ ಎರಡು ವೈರಸ್ ಹತ್ತಿರದ ಸಂಬಂಧಿಗಳು ಅಂತ ಲೆಕ್ಕ. ಐದಕ್ಕಿಂತ ಕಡಿಮೆಯಿದ್ದರೆ ಈಚೆಗೆ, ಬೇಗಬೇಗ ಹರಡುತ್ತಿರುವ ಗುಂಪು ಅಂತ ಅನುಮಾನ.

ಹತ್ತಿರದ ಸಂಬಂಧಿ ಅಂದರೆ ಏನು? ಪರೀಕ್ಷೆಯಲ್ಲಿ ಕಾಪಿ ಹೊಡೆದವರನ್ನು ಮೇಷ್ಟ್ರು ಹೇಗೆ ಹಿಡಿಯುತ್ತಾರೆ ನೆನಪು ಮಾಡಿಕೊಳ್ಳಿ. ಎರಡು ಉತ್ತರ ಪತ್ರಿಕೆಯಲ್ಲಿ ಯಾರೂ ಮಾಡದ ಒಂದು ವಿಚಿತ್ರ ತಪ್ಪು ಒಂದೇ ಜಾಗದಲ್ಲಿ ಸಿಕ್ಕಿತು ಅಂದುಕೊಳ್ಳಿ. ಕಾಪಿ ನಡೆದಿದೆ ಅನ್ನುವುದು ಖಚಿತ. ಆದರೆ ಇವನು ಅವನದ್ದು ನೋಡಿದನೋ, ಅವನು ಇವನದ್ದು ನೋಡಿದನೋ? ಇಬ್ಬರೂ ಮುಂದಿನ ಬೆಂಚಿನ ಮೂರನೆಯವನದ್ದು ನೋಡಿರಬಹುದು. ಆ ಮೂರನೆಯವನ ಪತ್ರಿಕೆ ಮೇಷ್ಟ್ರ ಕೈಗೆ ಬರದೇ ಇರಬಹುದು. ಇನ್ನೊಂದು ಮಾತು. 'ವಿದ್ಯಾರ್ಥಿ' ಅನ್ನುವುದನ್ನು 'ವಿಧ್ಯಾರ್ಥಿ' ಅಂತ ಇಬ್ಬರೂ ಬರೆದಿದ್ದರೆ ಅದು ಯಾವ ಸಾಕ್ಷಿಯೂ ಅಲ್ಲ. ಆ ತಪ್ಪನ್ನು ಅರ್ಧ ತರಗತಿ ಮಾಡಿರುತ್ತದೆ. ವೈರಸ್ಸಿನಲ್ಲೂ ಅಂಥ ತಪ್ಪುಗಳಿವೆ. ಒಂದೇ ಮಾತ್ರೆ ತಿಂದವರ ಮೈಯಲ್ಲಿ, ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದಿದ್ದರೂ, ಆ ಮಾತ್ರೆಯಿಂದ ತಪ್ಪಿಸಿಕೊಳ್ಳುವ ಒಂದೇ ಬಗೆಯ ಬದಲಾವಣೆ ಹುಟ್ಟುತ್ತದೆ. ಅದಕ್ಕೇ ಬಹಳ ಕಡೆ ಆ ಜಾಗಗಳನ್ನು ಮೊದಲೇ ತೆಗೆದುಹಾಕಿ ಆಮೇಲೆ, ಯಾವ ವೈರಸ್ ಯಾವುದಕ್ಕೆ ಹತ್ತಿರ ಅಂತ ಮರದ ಥರ ತೋರಿಸುವ ವಂಶವೃಕ್ಷ ಬರೆಯುತ್ತಾರೆ.

ನಿಮ್ಮ ವೈರಸ್ಸೂ ನಿಮ್ಮ ಗೆಳೆಯನ ವೈರಸ್ಸೂ ಒಂದೇ ಕೊಂಬೆಯಲ್ಲಿ ಕಂಡರೆ, ನೀವು ಅವನಿಗೆ ಕೊಟ್ಟಿರಬಹುದು, ಅವನು ನಿಮಗೆ ಕೊಟ್ಟಿರಬಹುದು, ಇಬ್ಬರಿಗೂ ಮೂರನೆಯವನಿಂದ ಬಂದಿರಬಹುದು, ನಡುವೆ ಪರೀಕ್ಷೆಯನ್ನೇ ಮಾಡಿಸದ ಯಾರೋ ಇಬ್ಬರು ಇದ್ದಿರಬಹುದು. ನಾಲ್ಕಕ್ಕೂ ಮರ ಒಂದೇ ಥರ ಕಾಣುತ್ತದೆ.

"ಆದರೆ ನನಗೆ ಐದು ತಿಂಗಳು ಮೊದಲೇ ಗೊತ್ತಾಗಿತ್ತಲ್ಲ" ಅಂತ ನೀವು ಅನ್ನಬಹುದು. ಈ ಲೆಕ್ಕ ಹಾಕಿ ತಮ್ಮನ್ನೇ ತಿಂದುಕೊಂಡವರನ್ನು ನಾನು ಬಹಳ ನೋಡಿದ್ದೇನೆ. ಗೊತ್ತಾದ ದಿನ ಬೇರೆ, ಬಂದ ದಿನ ಬೇರೆ. ಮೊದಲು ಪರೀಕ್ಷೆಗೆ ಹೋದವರಿಗೆ ಮೊದಲು ಗೊತ್ತಾಗುತ್ತದೆ, ಅಷ್ಟೇ. ಅವನಿಗೆ ನಿಮಗಿಂತ ಮೂರು ವರ್ಷ ಹಿಂದೆಯೇ ಬಂದಿರಲಿಕ್ಕೂ ಸಾಕು. ನೀವು ಆಗಲೇ ಸೂಜಿ ಬಿಟ್ಟು, ಕ್ಲಿನಿಕ್‌ಗೆ ಬಂದು, ರಕ್ತ ಕೊಟ್ಟಿರಿ. ಆ ಒಳ್ಳೆಯ ಕೆಲಸವೇ ಈಗ ನಿಮ್ಮ ಮೇಲಿನ ಆರೋಪದ ಥರ ಕಾಣುತ್ತಿದೆ.

ಈಚೆಗೆ ಹೊಸ ಬಗೆಯ ಓದು ಬಂದಿದೆ. ಒಬ್ಬರ ಮೈಯಲ್ಲಿರುವ ವೈರಸ್ಸಿನ ಒಂದೇ ಪ್ರತಿಯಲ್ಲ, ಸಾವಿರಾರು ಪ್ರತಿಗಳನ್ನು ಓದಿ, ಯಾವ ಕಡೆಯಿಂದ ಯಾವ ಕಡೆಗೆ ಹರಿದಿರಬಹುದು ಅಂತ ಅಂದಾಜು ಮಾಡುತ್ತಾರೆ. ದೊಡ್ಡ ಜನಸಂಖ್ಯೆಯಲ್ಲಿ, ಯಾವ ವಯಸ್ಸಿನವರಿಂದ ಯಾವ ವಯಸ್ಸಿನವರಿಗೆ ಜಾಸ್ತಿ ಹೋಗುತ್ತಿದೆ ಅನ್ನುವಂಥ ಪ್ರಶ್ನೆಗೆ ಅದು ಉಪಯೋಗಕ್ಕೆ ಬರುತ್ತದೆ. ಇಬ್ಬರ ನಡುವಿನ ವಿಷಯಕ್ಕೆ ಅದನ್ನು ನಂಬುವ ಹಾಗಿಲ್ಲ. 2018ರಲ್ಲಿ ಎಚ್‌ಐವಿ ಕ್ಷೇತ್ರದ 20 ವಿಜ್ಞಾನಿಗಳು ಸೇರಿ ಕೋರ್ಟುಗಳಿಗಾಗಿಯೇ ಒಂದು ಹೇಳಿಕೆ ಕೊಟ್ಟರು. ಇಂಥವರಿಂದಲೇ ಇಂಥವರಿಗೆ ಬಂತು ಅಂತ ಅನುಮಾನಕ್ಕೆ ಎಡೆಯಿಲ್ಲದಂತೆ ವಂಶವೃಕ್ಷದಿಂದ ಸಾಬೀತು ಮಾಡಲಾಗದು, ಆದರೆ 'ಇವರಿಂದ ಅಲ್ಲ' ಅಂತ ಹೇಳಲು ಆಗಬಹುದು ಅನ್ನುವುದು ಅದರ ತಿರುಳು. ವೈರಸ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರಾನ್ಸ್ವಾಸ್ ಬಾರೆ-ಸಿನೂಸಿಯವರೂ ಅದರಲ್ಲಿದ್ದರು.

'ಇವರಿಂದ ಅಲ್ಲ' ಅನ್ನುವುದು ಸಣ್ಣ ಮಾತಲ್ಲ. ಲಿಬಿಯಾದ ಬೆಂಘಾಜಿಯ ಮಕ್ಕಳ ಆಸ್ಪತ್ರೆಯಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳಿಗೆ ಎಚ್‌ಐವಿ ತಗುಲಿತ್ತು. ಬೇಕಂತಲೇ ಚುಚ್ಚಿದರು ಅಂತ ಐವರು ಬಲ್ಗೇರಿಯನ್ ನರ್ಸ್‌ಗಳಿಗೂ ಒಬ್ಬ ಪ್ಯಾಲೆಸ್ಟೀನ್ ವೈದ್ಯನಿಗೂ ಮರಣದಂಡನೆ ಆಗಿತ್ತು. ಆ ವೈರಸ್ಸಿನ ಬಗ್ಗೆ 2006ರ ಡಿಸೆಂಬರ್‌ನಲ್ಲಿ ಪ್ರಕಟವಾದ ವಿಶ್ಲೇಷಣೆ, ಅವರು 1998ರಲ್ಲಿ ಅಲ್ಲಿಗೆ ಬರುವ ಮೊದಲೇ ಆ ತಳಿ ಅಲ್ಲಿ ಹರಡುತ್ತಿತ್ತು ಅಂತ ತೋರಿಸಿತು. ಬೇರೆ ಬೇರೆ ದೇಶಗಳ ಒತ್ತಡ, ಮಾತುಕತೆ ಎಲ್ಲ ಸೇರಿ 2007ರ ಜುಲೈನಲ್ಲಿ ಅವರು ಬಿಡುಗಡೆಯಾದರು.

ಯಾರು ಕೊಟ್ಟರು ಅಂತ ಹೇಳಲಾಗದಿದ್ದರೆ ಇಷ್ಟು ಕಷ್ಟಪಟ್ಟು ತಳಿ ಹುಡುಕುವುದು ಯಾಕೆ?

ಮನುಷ್ಯನನ್ನಲ್ಲ, ಸೂಜಿಯ ದಾರಿಯನ್ನು ಹುಡುಕುವುದಕ್ಕೆ. ಚುಚ್ಚಿಕೊಳ್ಳುವವರ ನಡುವೆ ಎಚ್‌ಐವಿ ಹರಡುವ ವೇಗ ಬೇರೆ ಯಾವ ಗುಂಪಿನಲ್ಲೂ ಸುಲಭಕ್ಕೆ ಕಾಣದು. ಹೊಸದಾಗಿ ಸೋಂಕು ತಗುಲಿದ ಮೊದಲ ಕೆಲವು ವಾರ ರಕ್ತದಲ್ಲಿ ವೈರಸ್ ತುಂಬಿ ತುಳುಕುತ್ತಿರುತ್ತದೆ. ಅದೇ ವಾರಗಳಲ್ಲಿ ಆ ಸಿರಿಂಜ್ ಹತ್ತು ಕೈ ದಾಟಿದರೆ ಮುಗಿಯಿತು. ಮಣಿಪುರದಲ್ಲಿ 1989-90ರಲ್ಲಿ ಹೀಗೇ ಆಯಿತು. ಚುಚ್ಚಿಕೊಳ್ಳುವವರಲ್ಲಿ ಎಚ್‌ಐವಿ ಇಲ್ಲವೇ ಇಲ್ಲ ಅನ್ನುವ ಸ್ಥಿತಿಯಿಂದ, ಪರೀಕ್ಷೆ ಮಾಡಿಸಿದವರಲ್ಲಿ ಅರ್ಧದಷ್ಟು ಜನಕ್ಕೆ ಇದೆ ಅನ್ನುವ ಸ್ಥಿತಿಗೆ ಕೆಲವೇ ತಿಂಗಳು ಸಾಕಾದವು. ಆಮೇಲೆ ಆ ಭಾಗದ ತಳಿಗಳನ್ನು ನಕ್ಷೆಯ ಮೇಲೆ ಇಟ್ಟು ನೋಡಿದವರಿಗೆ ಮ್ಯಾನ್ಮಾರ್‌ನಿಂದ ಹೆರಾಯಿನ್ ಸಾಗುವ ರಸ್ತೆಗಳೇ ಕಂಡವು. ಸರಕು ಹೋದ ದಾರಿಯಲ್ಲೇ ವೈರಸ್ಸೂ ಹೋಗಿತ್ತು.

ಅಮೆರಿಕದ ಇಂಡಿಯಾನಾ ರಾಜ್ಯದ ಸ್ಕಾಟ್ ಕೌಂಟಿಯ ಕಥೆ ನಾನು ಎಲ್ಲ ಕಡೆ ಹೇಳುತ್ತೇನೆ. ಆಸ್ಟಿನ್ ಅನ್ನುವ ಊರು, ಸುಮಾರು ನಾಲ್ಕು ಸಾವಿರ ಜನ. ಎಚ್‌ಐವಿ ಅಪರೂಪ. 2014ರ ಕೊನೆಯಲ್ಲಿ ಶುರುವಾಗಿ ಒಂದು ವರ್ಷದಲ್ಲಿ 181 ಜನಕ್ಕೆ ಸೋಂಕು. ಬಹುಪಾಲು ಜನ ಆಕ್ಸಿಮಾರ್ಫೋನ್ ಅನ್ನುವ ನೋವಿನ ಮಾತ್ರೆ ಕರಗಿಸಿ ಚುಚ್ಚಿಕೊಳ್ಳುತ್ತಿದ್ದವರು. 159 ಜನರ ವೈರಸ್ ಓದಿದರು, 157 ಜನರದ್ದು ಹೆಚ್ಚುಕಡಿಮೆ ಒಂದೇ. ಇದರಿಂದ ಯಾರನ್ನೂ ಹಿಡಿಯಲಿಲ್ಲ. ತಿಳಿದದ್ದು ಇಷ್ಟು: ಒಂದು ವೈರಸ್ ಊರೊಳಗೆ ಬಂದಿದೆ, ತೀರಾ ಈಚೆಗೆ ಬಂದಿದೆ, ಈಗಲೂ ಓಡುತ್ತಿದೆ. ಸೋಂಕಿತರಲ್ಲಿ ನೂರಕ್ಕೆ 92 ಜನಕ್ಕೆ, ರಕ್ತದಿಂದ ಹರಡಿ ಲಿವರ್ ಕೆಡಿಸುವ ಹೆಪಟೈಟಿಸ್ ಸಿ ಕೂಡ ಇತ್ತು. ಸಿರಿಂಜ್ ಕೈ ಬದಲಾಗುತ್ತಿದೆ ಅಂತ ಆ ವೈರಸ್ ಮೊದಲೇ ಕೂಗಿ ಹೇಳುತ್ತಿತ್ತು, ಕೇಳಿಸಿಕೊಳ್ಳುವವರಿರಲಿಲ್ಲ. ಸಿರಿಂಜ್ ಬದಲಾಯಿಸಿ ಕೊಡುವುದಕ್ಕೆ ಕಾನೂನೇ ಅಡ್ಡ ಇತ್ತು. 2015ರ ಮಾರ್ಚ್‌ನಲ್ಲಿ ತುರ್ತು ಪರಿಸ್ಥಿತಿ ಘೋಷಿಸಿದ ಮೇಲೆ ಅದಕ್ಕೆ ದಾರಿಯಾಯಿತು.

ಅಥೆನ್ಸ್‌ನಲ್ಲಿ ಚಿತ್ರ ಬೇರೆ ಇತ್ತು. 2011ರಲ್ಲಿ ಚುಚ್ಚಿಕೊಳ್ಳುವವರಲ್ಲಿ ಎಚ್‌ಐವಿ ಒಂದೇ ಸಲ ಹತ್ತಾರು ಪಟ್ಟು ಏರಿತು. ಆರ್ಥಿಕ ಕುಸಿತದ ಕಾಲ, ಸಿರಿಂಜ್ ಹಂಚಿಕೆ ಸಾಲುತ್ತಿರಲಿಲ್ಲ. ಅಲ್ಲಿ ಮರದಲ್ಲಿ ಕಂಡದ್ದು ಒಂದು ಕೊಂಬೆಯಲ್ಲ, ನಾಲ್ಕು. ಒಂದು ತಳಿ ಅಫ್ಘಾನಿಸ್ತಾನ, ಇರಾನ್ ಕಡೆಯ ಬಗೆ, ಇನ್ನೊಂದು ಸ್ಪೇನ್, ಪೋರ್ಚುಗಲ್ ಕಡೆಯದ್ದು. ವಲಸೆ ಬಂದವರಿಂದಲೇ ಇದೆಲ್ಲ ಅಂತ ಬೈಯುವುದು ಸುಲಭ, ಬೈದರು ಕೂಡ. ಆದರೆ ನಾಲ್ಕು ಬೇರೆ ಬೇರೆ ಕಿಡಿ ಒಂದೇ ಕಾಲಕ್ಕೆ ಹೊತ್ತಿಕೊಂಡಿವೆ ಅಂದರೆ ತಪ್ಪು ಕಿಡಿಯದ್ದಲ್ಲ, ಒಣ ಹುಲ್ಲಿನದ್ದು. ಹಂಚುವ ಸಿರಿಂಜ್ ಹೆಚ್ಚಿಸಿದರು. ಚುಚ್ಚಿಕೊಳ್ಳುವವರ ಮೂಲಕವೇ ಅವರ ಗೆಳೆಯರನ್ನು ಕರೆಸಿ ಸಾವಿರಾರು ಜನಕ್ಕೆ ಪರೀಕ್ಷೆ ಮಾಡಿದರು, ಚಿಕಿತ್ಸೆಗೆ ಕಳಿಸಿದರು. ಹೊಸ ಸೋಂಕು ಇಳಿಯಿತು.

ಸೂಜಿಯನ್ನೇ ಹಿಂಬಾಲಿಸಿದ ಕೆಲಸವೂ ಇದೆ, ಅದು ನನಗೆ ತುಂಬ ಇಷ್ಟ. ಅಮೆರಿಕದ ನ್ಯೂ ಹೇವನ್‌ನಲ್ಲಿ 1990ರಲ್ಲಿ ಸಿರಿಂಜ್ ಬದಲಾವಣೆ ಶುರು ಮಾಡಿದಾಗ ಪ್ರತಿ ಸಿರಿಂಜ್‌ಗೂ ಒಂದು ಸಂಖ್ಯೆ ಬರೆದರು. ತಗೊಂಡವರಿಗೆ ಅಡ್ಡಹೆಸರು ಸಾಕು, ನಿಜ ಹೆಸರು ಬೇಡ. ಸಿರಿಂಜ್ ವಾಪಸ್ ಬಂದಾಗ ತಳದಲ್ಲಿ ಉಳಿದ ರಕ್ತದ ಪಸೆಯಲ್ಲಿ ವೈರಸ್ ಇದೆಯೇ ಅಂತ ನೋಡಿದರು. ಯಾರ ಕೈಗೆ ಕೊಟ್ಟದ್ದು ಯಾರ ಕೈಯಿಂದ ಬಂತು, ಎಷ್ಟು ದಿನ ಹೊರಗಿತ್ತು ಅನ್ನುವುದೆಲ್ಲ ಸಿಕ್ಕಿತು. ಸಿರಿಂಜ್ ಹೊರಗೆ ಸುತ್ತುವ ದಿನ ಕಡಿಮೆಯಾದಷ್ಟೂ ವೈರಸ್ ಇರುವ ಸಿರಿಂಜ್‌ಗಳೂ ಕಡಿಮೆಯಾದವು. ಹೊಸ ಸೋಂಕು ಸುಮಾರು ಮೂರನೇ ಒಂದರಷ್ಟು ಇಳಿದಿರಬೇಕು ಅಂತ ಅವರ ಲೆಕ್ಕ.

ಈಗ ಆ ಇನ್ನೊಂದು ಮಾತು, "ಒಂದೇ ತಳಿ, ಇನ್ನೇನು ಮಹಾ." ಇದನ್ನು ದಯವಿಟ್ಟು ಗೆಳೆಯನಿಗೆ ಓದಿ ಹೇಳಿ. ಮೊದಲನೆಯದಾಗಿ, ಒಂದೇ ತಳಿ ಅಂತ ಅವನಿಗೆ ಗೊತ್ತಿಲ್ಲ. ಎರಡನೆಯ ತಳಿ ಬಂದು ಸೇರುವುದು ನಿಜವಾಗಿ ನಡೆಯುತ್ತದೆ, ಚಿಕಿತ್ಸೆ ಸರಿಯಾಗಿ ತಗೊಳ್ಳದವರಲ್ಲಿ ಅದಕ್ಕೆ ಜಾಸ್ತಿ ಅವಕಾಶ. ಎರಡು ತಳಿ ಒಂದೇ ಕೋಶದಲ್ಲಿ ಸಿಕ್ಕಿಕೊಂಡರೆ ಬೆರೆತು ಮೂರನೆಯದು ಹುಟ್ಟುತ್ತದೆ. ರಷ್ಯಾದ ಕಲಿನಿನ್‌ಗ್ರಾಡ್‌ನಲ್ಲಿ 1996ರಲ್ಲಿ ಚುಚ್ಚಿಕೊಳ್ಳುವವರ ನಡುವೆ ಬೆಂಕಿಯಂತೆ ಹರಡಿದ್ದು ಎ ಮತ್ತು ಬಿ ಅನ್ನುವ ಉಪತಳಿಗಳು, ಅಂದರೆ ಎಚ್‌ಐವಿಯ ಎರಡು ದೊಡ್ಡ ಕವಲುಗಳು, ಬೆರೆತ ವೈರಸ್. ಇಂಥ ಬೆರಕೆ ತಳಿಗಳು ಈಗ ನೂರಕ್ಕೂ ಹೆಚ್ಚು ಪಟ್ಟಿಯಲ್ಲಿವೆ.

ನಿಜವಾದ ಅಪಾಯ ಮಾತ್ರೆಗೆ ಬಗ್ಗದ ತಳಿ. ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ 2015ರಲ್ಲಿ ಚುಚ್ಚಿಕೊಳ್ಳುವವರಲ್ಲಿ 47 ಹೊಸ ಸೋಂಕು ಕಂಡವು. ಹಿಂದೆಲ್ಲ ವರ್ಷಕ್ಕೆ ಹತ್ತರ ಆಸುಪಾಸು ಇರುತ್ತಿತ್ತು. ಅಲ್ಲಿ ಹರಡಿದ್ದು ಆ ಭಾಗಕ್ಕೆ ಅಪರೂಪದ ಸಿ ಉಪತಳಿ, ಅದರಲ್ಲಿ ಒಂದು ಬಗೆಯ ಮಾತ್ರೆಗಳ ಬಲ ಕುಗ್ಗಿಸುವ ಎರಡು ಬದಲಾವಣೆ ಇದ್ದವು. ಅಪರೂಪದ್ದಾಗಿದ್ದರಿಂದಲೇ ಅದರ ಜಾಡು ಹಿಡಿಯುವುದು ಸುಲಭವಾಯಿತು. ಹಾಗಂತ ಬೇರೆ ತಳಿ ಅಂದರೆ ಮದ್ದೇ ಇಲ್ಲ ಅಂತಲ್ಲ. ಎ, ಬಿ, ಸಿ ಯಾವುದಾದರೂ ಈಗಿನ, ಡೊಲುಟೆಗ್ರಾವಿರ್ ಅನ್ನುವ ಮದ್ದು ಇರುವ ಚಿಕಿತ್ಸೆ ಕೆಲಸ ಮಾಡುತ್ತದೆ. ಉಪತಳಿಯ ಹೆಸರು ನೋಡಿ ಹೆದರುವುದು ಬೇಡ.

ಸಿರಿಂಜ್ ಅಂದೆ, ಆದರೆ ಸಿರಿಂಜ್ ಒಂದೇ ಅಲ್ಲ. ಒಬ್ಬ ಹುಡುಗ ನನ್ನ ಮುಂದೆ ಆಣೆ ಮಾಡಿ, "ಬೇರೆಯವರ ಸೂಜಿ ನಾನು ಯಾವತ್ತೂ ಮುಟ್ಟಿಲ್ಲ ಸಾರ್" ಅಂದ. ಅವನ ವೈರಸ್ ಮಾತ್ರ ಅವನ ಮೂವರು ಗೆಳೆಯರ ಪಕ್ಕದಲ್ಲೇ ಕೂತಿತ್ತು. ಸುಳ್ಳು ಹೇಳುತ್ತಿದ್ದಾನೆ ಅಂತಲೇ ಅಂದುಕೊಂಡೆ. ಹೇಗೆ ಮಾಡುತ್ತಿದ್ದಿರಿ ತೋರಿಸು ಅಂತ ಖಾಲಿ ಚಮಚ, ಒಂದು ಲೋಟ ನೀರು ಕೊಟ್ಟೆ. ನಾಲ್ಕು ಜನರ ನಾಲ್ಕು ಸಿರಿಂಜ್, ನಿಜ. ನಾಲ್ಕೂ ಅದ್ದುವುದು ಒಂದೇ ಚಮಚಕ್ಕೆ. ಸೋಸುವುದು ಒಂದೇ ಹತ್ತಿ ಉಂಡೆಯಲ್ಲಿ. ಮುಗಿದ ಮೇಲೆ ಎಲ್ಲರೂ ತೊಳೆಯುವುದು ಅದೇ ಲೋಟದಲ್ಲಿ, ಮುಂದಿನ ಸಲಕ್ಕೂ ಅದೇ ನೀರು. ಅವನು ಸುಳ್ಳು ಹೇಳಿರಲಿಲ್ಲ. ನಾನು ಪ್ರಶ್ನೆ ತಪ್ಪಾಗಿ ಕೇಳಿದ್ದೆ.

ವೈರಲ್ ಲೋಡ್ ಸಿಗದಷ್ಟು ಇಳಿದರೆ ಲೈಂಗಿಕ ಸಂಪರ್ಕದಿಂದ ಎಚ್‌ಐವಿ ಹರಡುವುದಿಲ್ಲ, ಇದು ಗಟ್ಟಿಯಾಗಿ ಸಾಬೀತಾಗಿದೆ. ಸಿರಿಂಜ್ ವಿಷಯದಲ್ಲಿ ಅಪಾಯ ತುಂಬ ತಗ್ಗುತ್ತದೆ ಅನ್ನಬಹುದು, ಸೊನ್ನೆ ಅಂತ ನಾನು ಹೇಳಲಾರೆ. ಹೆಪಟೈಟಿಸ್ ಸಿ ಅಂತೂ, ಗುಣವಾದ ಮೇಲೂ ಸಿರಿಂಜ್ ಹಂಚಿಕೊಂಡರೆ ಮತ್ತೆ ತಗುಲಬಹುದು.

ಇನ್ನು ಪೊಲೀಸರ ಮಾತು. ಇದನ್ನು ಬರೀ ಮೂಢನಂಬಿಕೆ ಅಂತ ತಳ್ಳಿಹಾಕಲಾರೆ. ವೈರಸ್ಸಿನ ವಂಶವೃಕ್ಷವನ್ನು ಕೋರ್ಟುಗಳು ನೋಡಿದ ಉದಾಹರಣೆಗಳಿವೆ. ಎಚ್‌ಐವಿ ಹರಡುವುದನ್ನು ಅಪರಾಧ ಅನ್ನುವ ಕಾನೂನು ಕೆಲವು ಕಡೆ ಇದೆ. ಅಮೆರಿಕದಲ್ಲಿ ಚಿಕಿತ್ಸೆಗೆಂದು ಮಾಡಿಸಿದ ಪರೀಕ್ಷೆಯ ಮಾಹಿತಿಯನ್ನು ರೋಗಿಗಳನ್ನು ಕೇಳದೆ ಈ ಕೆಲಸಕ್ಕೆ ಬಳಸಿದ್ದಕ್ಕೆ ಎಚ್‌ಐವಿ ಇರುವವರೇ ಸಿಡಿದೆದ್ದರು. ಅವರ ಸಿಟ್ಟು ಸರಿಯಾಗಿಯೇ ಇತ್ತು ಅಂತ ನನ್ನ ಅಭಿಪ್ರಾಯ. ನಿಮ್ಮನ್ನು ಕೇಳಿದ್ದಾರೆ, ಪತ್ರ ಕೊಟ್ಟಿದ್ದಾರೆ. ಅದು ಒಳ್ಳೆಯ ಲಕ್ಷಣ.

ಹಾಗಾಗಿ ಸಹಿ ಹಾಕುವ ಮೊದಲು ಕೌನ್ಸೆಲರ್ ಮುಂದೆ ಕೂತು ನೇರವಾಗಿ ಕೇಳಿ. ನನ್ನ ರಕ್ತದ ಮೇಲೆ ಹೆಸರು ಇರುತ್ತಾ, ಬರೀ ನಂಬರ್ ಇರುತ್ತಾ? ಆ ನಂಬರ್ ಯಾರದ್ದು ಅನ್ನುವ ಪಟ್ಟಿ ಯಾರ ಹತ್ತಿರ ಇರುತ್ತದೆ, ಯಾವಾಗ ನಾಶ ಮಾಡುತ್ತೀರಿ? ಕೋರ್ಟ್ ಕೇಳಿದರೆ ಕೊಡಬೇಕಾಗುತ್ತಾ? ಆರು ತಿಂಗಳ ಮೇಲೆ ಬೇಡ ಅನ್ನಿಸಿದರೆ ವಾಪಸ್ ತಗೋಬಹುದಾ? ಬೇಡ ಅಂದರೆ ನನ್ನ ಮಾತ್ರೆ ನಿಲ್ಲುತ್ತಾ? ಕೊನೆಯದಕ್ಕೆ 'ಇಲ್ಲ' ಅನ್ನುವ ಉತ್ತರ ತಕ್ಷಣ ಬರಬೇಕು, ತಡವರಿಸಿದರೆ ಸಹಿ ಹಾಕಬೇಡಿ. ಪಟ್ಟಿಯೇ ಇಲ್ಲ, ಯಾರದ್ದು ಅಂತ ನಮಗೂ ಗೊತ್ತಾಗುವುದಿಲ್ಲ ಅಂದರೆ ಅಪಾಯ ಬಹಳ ಕಡಿಮೆ. ಆದರೆ ಆಗ ನಿಮ್ಮ ತಳಿ ಮಾತ್ರೆಗೆ ಬಗ್ಗದ್ದು ಅಂತ ಕಂಡರೂ ಅವರು ಬಂದು ನಿಮಗೆ ಹೇಳಲಾರರು. ಅದೂ ಬೇಕು, ಇದೂ ಬೇಕು ಅಂದರೆ ಆಗದು. ಕೆಲವು ಕಡೆ ಮಾತ್ರೆ ಕೆಲಸ ಮಾಡುತ್ತದೆಯೇ ಅಂತ ನೋಡುವ ಪರೀಕ್ಷೆಗೆ ಮಾತ್ರ ಒಪ್ಪಿ, ಉಳಿದದ್ದಕ್ಕೆ ಬೇಡ ಅನ್ನಬಹುದು. ಕೇಳಿ ನೋಡಿ. ನಾನಾಗಿದ್ದರೆ, ಉತ್ತರಗಳು ನೆಟ್ಟಗಿದ್ದರೆ ಕೊಡುತ್ತಿದ್ದೆ. ಕೊಡದಿದ್ದರೂ ನಿಮ್ಮನ್ನು ಯಾರೂ ತಪ್ಪು ಅನ್ನುವ ಹಾಗಿಲ್ಲ.

ಒಂದು ತಮಾಷೆ ನೋಡಿ. ನಿಮ್ಮ ವೈರಲ್ ಲೋಡ್ ಸಿಗುತ್ತಿಲ್ಲ ಅಂದಿರಿ. ಹಾಗಿದ್ದರೆ ಇವತ್ತಿನ ರಕ್ತದಲ್ಲಿ ಓದಲು ಅವರಿಗೆ ವೈರಸ್ಸೇ ಸಾಲದು. ಸಾಮಾನ್ಯವಾಗಿ ಒಂದು ಮಿಲಿಲೀಟರ್‌ಗೆ ಐನೂರು, ಸಾವಿರ ವೈರಸ್ ಇದ್ದರೆ ಮಾತ್ರ ಓದು ಸರಿಯಾಗಿ ಬರುತ್ತದೆ. ಚಿಕಿತ್ಸೆ ಶುರುವಾಗುವ ಮೊದಲು ಎತ್ತಿಟ್ಟ ಹಳೆಯ ಸ್ಯಾಂಪಲ್ ಬಳಸುತ್ತೀರಾ ಅಥವಾ ಬಿಳಿ ರಕ್ತಕಣದೊಳಗೆ ಅಡಗಿರುವ ವೈರಸ್ ಓದುತ್ತೀರಾ ಅಂತ ಇದನ್ನೂ ಕೇಳಿ. ಹಳೆಯ ಸ್ಯಾಂಪಲ್ ಆದರೆ ಅದಕ್ಕೂ ಬೇರೆ ಒಪ್ಪಿಗೆ ಬೇಕು.

ನಿಮ್ಮ ಪತ್ರದಲ್ಲಿ ನಾಲ್ಕನೆಯವನ ಬಗ್ಗೆ ಅರ್ಧ ಸಾಲು ಇದೆ. ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಅವನದ್ದೇ. ನಿಮ್ಮ ಮೂವರ ತಳಿ ಯಾವುದೇ ಇರಲಿ, ಅವನ ಸುತ್ತ ಮೂರು ಜನ ಪಾಸಿಟಿವ್ ಇದ್ದಾರೆ, ಅವನು ಪರೀಕ್ಷೆ ಮಾಡಿಸಿ ವರ್ಷದ ಮೇಲಾಗಿದೆ. ಈ ವಾರವೇ ಕರೆದುಕೊಂಡು ಹೋಗಿ. ಮೂರು ದಿನದ ಒಳಗೆ ಇನ್ನೊಬ್ಬರ ಸಿರಿಂಜ್ ಬಳಸಿದ್ದಾನೆ ಅಂತಾದರೆ ವಾರ ಕಾಯಬೇಡಿ, ಇವತ್ತೇ ಹೋಗಿ. ಸೋಂಕು ನೆಲೆಯೂರದಂತೆ ತಡೆಯಲು 72 ಗಂಟೆಯೊಳಗೆ ಶುರು ಮಾಡುವ 28 ದಿನದ ಮಾತ್ರೆ ಇದೆ. ನೆಗೆಟಿವ್ ಬಂದರೆ, ಇನ್ನೂ ಚುಚ್ಚಿಕೊಳ್ಳುತ್ತಿದ್ದರೆ, ದಿನಕ್ಕೊಂದು ತಡೆಮಾತ್ರೆ ಸಿಗುತ್ತದೆಯೇ ಕೇಳಿ. ಬ್ಯಾಂಕಾಕ್‌ನಲ್ಲಿ ಚುಚ್ಚಿಕೊಳ್ಳುವವರ ಮೇಲೆಯೇ ಮಾಡಿದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಟೆನೊಫೊವಿರ್ ಮಾತ್ರೆ ಸೋಂಕನ್ನು ಸುಮಾರು ಅರ್ಧಕ್ಕೆ ಇಳಿಸಿತ್ತು. ನೀವು ತಗೊಳ್ಳುತ್ತಿರುವ ಬ್ಯುಪ್ರೆನಾರ್ಫಿನ್ ಥರದ ಚಿಕಿತ್ಸೆಯೂ ಹೆಚ್ಚುಕಡಿಮೆ ಅಷ್ಟೇ ಕಾಪಾಡುತ್ತದೆ. ಅವನ ರಕ್ತ ತಗೊಳ್ಳುವಾಗ ಹೆಪಟೈಟಿಸ್ ಸಿ ಕೂಡ ನೋಡಿ ಅಂತ ಹೇಳಿ. ಇದ್ದರೆ, ಸಾಮಾನ್ಯವಾಗಿ ಹನ್ನೆರಡು ವಾರದ ಮಾತ್ರೆಯಲ್ಲಿ ಅದು ವಾಸಿಯಾಗುತ್ತದೆ. ನೀವೂ ಅದೇ ದಿನ ಮಾಡಿಸಿಕೊಳ್ಳಿ, ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ.